ಬಾರದ ವಾಸನೆ

ತೆರಕಣಾಂಬಿಯ ರೈತ ಮಾದಣ್ಣ ಅಂಗಳದ ಮೂಲೆಯ ಚೀಲದಿಂದ ಅರಿಶಿನದ ಕೊಂಬೊಂದನ್ನು ತೆಗೆದು ಕೈಗಿಟ್ಟಾಗ ಮೃತ್ಯುಂಜಯ ಎಂದಿನಂತೆ ಅದನ್ನು ಮುರಿದ. ಮುರಿದ ಸದ್ದನ್ನು ಕೇಳಿಸಿಕೊಂಡ. ಒಳಗಿನ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಮೂಗಿನ ಹತ್ತಿರ ತಂದು, ಕಣ್ಣು ಅರೆಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡು, ಚೆನ್ನಾಗಿಯೇ ಬಂದಿದೆ ಎಂದು ತಲೆಯಾಡಿಸಿದ. ಮಾದಣ್ಣ ಅವನ ಮುಖವನ್ನೇ ನೋಡಿದ. ಮಾದಣ್ಣನದು ಜಗಳದ ಮುಖವಲ್ಲ, ವ್ಯಾಪಾರದ ಮುಖವೂ ಅಲ್ಲ. ತನಗಿಂತ ತಿಳಿದವನು ತಪ್ಪು ಮಾಡಿದಾಗ ಹೇಗೆ ಹೇಳುವುದು ಎಂದು ಯೋಚಿಸುವವನ ಮುಖ.

“ಅದು ನೆಂದಿದ್ದ ಚೀಲ ಕಣಣ್ಣ. ಮುಗ್ಗಲು ವಾಸ್ನ ಹೊಡೀತಾ ಅದ. ಬ್ಯಾರೆ ಎತ್ತಿಟ್ಟಿವ್ನಿ, ನಿಮ್ಗೂ ಗೊತ್ತಾಗ್ಲಿ ಅಂತ ಕೊಟ್ಟಿದ್ದು.”

ನೆಗಡಿ ಎಂದ ಮೃತ್ಯುಂಜಯ. ಎರಡು ದಿನದಿಂದ ಮೂಗು ಕಟ್ಟಿಬಿಟ್ಟಿದೆ ಎಂದು ಸೇರಿಸಿದ. ಸೇರಿಸಿದ ಮೇಲೆ ಸೇರಿಸಬಾರದಿತ್ತು ಅನ್ನಿಸಿತು, ಏಕೆಂದರೆ ಮಾದಣ್ಣನ ಹೆಂಡತಿ ಒಳಗಿನಿಂದಲೇ ಕೇಳಿಸಿಕೊಂಡು ಮೆಣಸಿನ ಕಷಾಯ ಮಾಡಿ ತಂದಳು. ಇಲ್ಲದ ನೆಗಡಿಗೆ ಅವನು ಆ ಕಷಾಯವನ್ನು ಪೂರ್ತಿ ಕುಡಿಯಬೇಕಾಯಿತು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ಮೂಗು ಮಾತ್ರ ಸುಮ್ಮನಿತ್ತು. ಚಾಮರಾಜನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಅರಿಶಿನದ ವ್ಯಾಪಾರ ಮಾಡುತ್ತಿದ್ದ ಮೃತ್ಯುಂಜಯನ ಮೂಗಿಗೆ ಒಂದು ಕಾಲಕ್ಕೆ ಹೆಸರಿತ್ತು. ಕೊಂಬನ್ನು ಮೂಸಿ ಇದು ಬೆಂದದ್ದು ಕಡಿಮೆಯಾಯಿತು ಅನ್ನುತ್ತಿದ್ದ, ಇದು ಬಂದದ್ದು ಕೆಂಪು ಮಣ್ಣಿಂದ ಅನ್ನುತ್ತಿದ್ದ, ಅವನ ಮಾತು ಸುಳ್ಳಾಗುತ್ತಿರಲಿಲ್ಲ. ಕೊರೋನಾದ ಎರಡನೆಯ ವರ್ಷ, ಮೇ ತಿಂಗಳ ಒಂದು ಬೆಳಗ್ಗೆ, ಜ್ವರ ಬಿಟ್ಟು ಎದ್ದು ಕೂತವನಿಗೆ ಅಡುಗೆ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಸಿತು, ವಾಸನೆ ಮಾತ್ರ ಬರಲಿಲ್ಲ. ಆಗ ಎಲ್ಲರಿಗೂ ಹಾಗೆ ಆಗುತ್ತಿತ್ತು. ಎಲ್ಲರಿಗೂ ಹದಿನೈದು ದಿನಕ್ಕೋ ತಿಂಗಳಿಗೋ ವಾಪಸು ಬರುತ್ತಿತ್ತು. ಅಂಗಡಿ ತೆಗೆದ ದಿನ ಯಾರೋ, ಮೂಗು ಸರಿ ಹೋಯಿತಾ ಎಂದು ಕೇಳಿದರು. ಹೋಯಿತು ಎಂದ. ನಾಳೆ ನಾಡಿದ್ದರಲ್ಲಿ ಸರಿಹೋಗುವುದಕ್ಕೆ ಇವತ್ತೇ ಹೌದು ಅಂದರೆ ಏನಂತೆ ಅಂದುಕೊಂಡಿದ್ದ. ಆ ನಾಳೆ ನಾಡಿದ್ದಿಗೆ ಈಗ ನಾಲ್ಕು ವರ್ಷ ತುಂಬುತ್ತ ಬಂದಿತ್ತು. ಹೆಂಡತಿ ನಾಗರತ್ನಳಿಗೂ ಅವನು ಹೇಳಿರಲಿಲ್ಲ.

ಸ್ಕೂಟರನ್ನು ಗುಂಡ್ಲುಪೇಟೆಯ ಕಡೆ ತಿರುಗಿಸಿದ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಆಹ್ವಾನ ಪತ್ರಿಕೆಗಳ ಕಟ್ಟು ಇತ್ತು. ಮುಂದಿನ ಭಾನುವಾರ ಚಾಮರಾಜನಗರದಲ್ಲಿ ಅವರ ಸಮಾಜದ ಸಂಘದ ವಾರ್ಷಿಕೋತ್ಸವ. ಅದರಲ್ಲಿ ಅವನಿಗೆ ಮಾತೃಸೇವಾ ಪುರಸ್ಕಾರ. ಸಂಘದ ಕಾರ್ಯದರ್ಶಿ ಮರಿಮಲ್ಲಪ್ಪನವರು, ನಿವೃತ್ತ ಮೇಷ್ಟರು, ತಾವೇ ಮನೆಗೆ ಬಂದು ಕಾರ್ಡುಗಳನ್ನು ಕೊಟ್ಟಿದ್ದರು. ಈಗಿನ ಕಾಲದ ಮಕ್ಕಳಿಗೆ ಇದು ತಿಳಿಯಬೇಕು, ತಾಯಿಯ ಹೇಸಿಗೆಯನ್ನು ಹೇಸಿಗೆ ಅನ್ನದವನು ಒಬ್ಬ ನಮ್ಮಲ್ಲೇ ಇದ್ದಾನೆ ಅಂತ ತಿಳಿಯಬೇಕು ಎಂದಿದ್ದರು. ಅವರಿಗೆ ಕಾಫಿ ತಂದಿಟ್ಟ ನಾಗರತ್ನ ಲೋಟ ಇಟ್ಟು ಒಳಗೆ ಹೋಗಿದ್ದಳು. ದಂಪತಿಗಳು ಇಬ್ಬರೂ ವೇದಿಕೆಯ ಮೇಲೆ ಕೂರಬೇಕು ಎಂದು ಮರಿಮಲ್ಲಪ್ಪನವರು ಅವಳು ಹೋದ ಬಾಗಿಲಿಗೆ ಹೇಳಿದ್ದರು.

ಅವನ ತಾಯಿ ಶಿವರುದ್ರಮ್ಮ ಲಕ್ವ ಹೊಡೆದು ಮಲಗಿದ್ದು ಅವನ ಮೂಗು ಹೋದ ವರ್ಷವೇ, ಆಗಸ್ಟಿನಲ್ಲಿ. ಹದಿನಾಲ್ಕು ತಿಂಗಳು ಮಲಗಿದ್ದಳು. ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಐದನೆಯ ತಿಂಗಳಿಗೆ ಬೆನ್ನಿನ ಕೆಳಗೆ ಹುಣ್ಣಾಯಿತು. ನರ್ಸೊಬ್ಬಳು ಬಂದು ಹುಣ್ಣು ತೊಳೆದು ಕಟ್ಟುವುದನ್ನು ತೋರಿಸಿಕೊಟ್ಟಳು. ಅವನು ಕಲಿತ. ದಿನಕ್ಕೆ ಎರಡು ಸಲ ಬಿಚ್ಚುತ್ತಿದ್ದ, ತೊಳೆಯುತ್ತಿದ್ದ, ಔಷಧಿ ಅದ್ದಿದ ಬಟ್ಟೆ ಒಳಗಿಟ್ಟು ಕಟ್ಟುತ್ತಿದ್ದ. ನೆಂಟರು ಬರುತ್ತಿದ್ದರು. ಹೊಸ್ತಿಲಲ್ಲೇ ನಿಂತು, ಸೆರಗನ್ನೋ ಟವಲನ್ನೋ ಮೂಗಿಗೆ ಒತ್ತಿಕೊಂಡು, ಹೇಗಿದ್ದೀಯವ್ವ ಎಂದು ಕೇಳಿ, ಅವನತ್ತ ನೋಡುತ್ತಿದ್ದರು. ಹರದನಹಳ್ಳಿಗೆ ಕೊಟ್ಟ ತಂಗಿ ಶಶಿರೇಖಾ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದಾಗ ಅವನು ಅವ್ವನ ಮಂಚದ ಪಕ್ಕ ಕೂತು ಮುದ್ದೆ ತಿನ್ನುತ್ತಿದ್ದ. ಅಂಗಡಿಗೆ ಹೊತ್ತಾಗುತ್ತದೆಂದು, ತಟ್ಟೆ ಹಿಡಿದು ಅಲ್ಲಿಯೇ ಕೂತಿದ್ದ ಅಷ್ಟೆ, ಅದರಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ. ಶಶಿರೇಖಾ ಬಾಗಿಲಲ್ಲಿ ನಿಂತು ಅತ್ತಳು. ಆ ಮುದ್ದೆಯ ತಟ್ಟೆ ಹರದನಹಳ್ಳಿಯಿಂದ ಹಿಡಿದು ಎಲ್ಲ ನೆಂಟರ ಮನೆಗೂ ಹೋಯಿತು. ಎರಡು ವರ್ಷ ಸುತ್ತಿ ಈಗ ಕಾರ್ಡಾಗಿ ಅಚ್ಚಾಗಿ ಬಂದಿತ್ತು.

ನಾಗರತ್ನ ವಾಂತಿ ಮಾಡಿಕೊಂಡದ್ದೂ ಶಶಿರೇಖಾ ಇದ್ದ ದಿನವೇ. ಅವ್ವನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡಿದ್ದವಳು ಕಟ್ಟು ಬಿಚ್ಚಿದ ಕೂಡಲೇ ಕೈ ಬಿಟ್ಟು ಹಿತ್ತಲಿಗೆ ಓಡಿದಳು. ಅವ್ವನಿಗೆ ನೋವಾಗಿ ಕೂಗಿಕೊಂಡಳು. ಶಶಿರೇಖಾ, ನಿಮ್ಮವ್ವ ಆಗಿದ್ದಿದ್ರೆ ವಾಂತಿ ಬರ್ತಿತ್ತಾ ಎಂದು ಹಿತ್ತಲ ಬಾಗಿಲಿಗೆ ಕೇಳುವಂತೆ ಅಂದಳು. ಬಾಯಿ ತೊಳೆದುಕೊಂಡು ಬಂದ ನಾಗರತ್ನ ಅವನನ್ನು ನೋಡಿದಳು. ಅವನು ಹೇಳಬಹುದಾಗಿದ್ದ ಗಳಿಗೆ ಅದು. ನನಗೆ ವಾಸನೆಯೇ ಬರುವುದಿಲ್ಲ, ಅದಕ್ಕೇ ನನಗೆ ಆಗುತ್ತದೆ, ಅವಳಿಗೆ ಬರುತ್ತದೆ, ಆದರೂ ಅವಳು ನಿಂತಿದ್ದಾಳೆ. ಇಷ್ಟೇ ಮಾತು. ಅದರ ಬದಲು ಅವನ ಬಾಯಿಂದ ಬಂದದ್ದು, “ನನ್ಗ ಬರ್ದೆ ಇರೋ ವಾಸ್ನ ನಿನ್ಗ ಎಲ್ಲಿಂದ ಬತ್ತದ?” ಎಂಬ ಮಾತು. ಅಕ್ಷರಶಃ ನಿಜವಾದ ಮಾತು. ಗುಂಡ್ಲುಪೇಟೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗ, ರಾತ್ರಿ ಬಾಗಿಲು ಹಾಕುವಾಗ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡಾಗ ಆ ಮಾತು ಕೇಳಿಸುತ್ತಿತ್ತು, ಮತ್ತು ಪ್ರತಿ ಸಲವೂ ಅವನು ಅದನ್ನು ಒಂದು ಸುಳ್ಳಾದರೂ ಆಗಿದ್ದರೆ ಎಂದುಕೊಳ್ಳುತ್ತಿದ್ದ. ಅಂದಿನಿಂದ ನಾಗರತ್ನ ಮೂಗಿನ ಕೆಳಗೆ ವಿಕ್ಸ್ ಹಚ್ಚಿಕೊಂಡು ಕೋಣೆಗೆ ಬರತೊಡಗಿದಳು. ಎಂದೂ ಮತ್ತೆ ಕೈ ಬಿಡಲಿಲ್ಲ. ಮೂಗು, ವಾಸನೆ ಎಂಬ ಮಾತುಗಳನ್ನು ಅವನ ಮುಂದೆ ಮತ್ತೆ ಆಡಲೂ ಇಲ್ಲ.

ಅವ್ವನಿಗೆ ಮಾತು ತೊದಲಾಗಿತ್ತು, ಆದರೆ ಬುದ್ಧಿ ಸರಿಯಾಗಿತ್ತು, ಮೂಗೂ ಸರಿಯಾಗಿತ್ತು. ಹಣೆಗೆ ವಿಭೂತಿ ಹಚ್ಚುವಾಗ ಒಂದು ದಿನ ಅವನ ಮಣಿಕಟ್ಟು ಹಿಡಿದುಕೊಂಡು, ವಾಸನೆ ಬರುತ್ತದೇನೋ ಮಗ ಎಂದು ಕೇಳಿದಳು. ಇಲ್ಲ ಕಣವ್ವ ಎಂದ. ಆಣೆ ಮಾಡು ಎಂದಳು. ಎದೆಯ ಮೇಲಿನ ಲಿಂಗವನ್ನು ಮುಟ್ಟಿ ಆಣೆ ಮಾಡಿದ. ಅವ್ವನ ಮುಖ ಸಡಿಲವಾಯಿತು. ಮಗ ಸುಳ್ಳು ಆಣೆ ಮಾಡುವವನಲ್ಲ ಎಂದು ನಂಬಿದಳೋ, ತನಗಾಗಿ ಲಿಂಗ ಮುಟ್ಟಿ ಸುಳ್ಳು ಆಣೆಯನ್ನೂ ಮಾಡಿದ ಎಂದುಕೊಂಡಳೋ ಅವನಿಗೆ ಗೊತ್ತಾಗಲಿಲ್ಲ. ಯಾವುದಾದರೂ ಅವಳಿಗೆ ನೆಮ್ಮದಿಯಾಗಿತ್ತು. ಮೂಗು ಇದ್ದಿದ್ದರೆ ಅದೇ ಮಾತನ್ನು ಹೇಳುತ್ತಿದ್ದೆನೇ, ಆ ಕೋಣೆಯೊಳಗೆ ಹೋಗುತ್ತಿದ್ದೆನೇ ಎಂದು ಅವನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದ. ಆ ಹದಿನಾಲ್ಕು ತಿಂಗಳಲ್ಲಿ ಏನೇನು ನೆನಪಿತ್ತೋ ಅದರಲ್ಲೆಲ್ಲ ಬಣ್ಣವಿತ್ತು, ಸದ್ದಿತ್ತು, ಅವ್ವನ ಚರ್ಮದ ಬಿಸಿಯಿತ್ತು. ವಾಸನೆ ಇರಬೇಕಾದ ಜಾಗ ಖಾಲಿಯಿತ್ತು.

ಮಲ್ಲಿಕಾರ್ಜುನಸ್ವಾಮಿಯ ಮನೆ ಊಟಿ ರಸ್ತೆಯ ಹೊಸ ಬಡಾವಣೆಯಲ್ಲಿ. ಹೈಸ್ಕೂಲಿನಲ್ಲಿ ಒಂದೇ ಬೆಂಚು ಇಬ್ಬರದೂ. ಅವನ ಅಪ್ಪ ಲಿಂಗಯ್ಯ ಇವರ ಹೊಲದಲ್ಲಿ ಅರಿಶಿನ ಬೇಯಿಸುವ ಕೊಪ್ಪರಿಗೆಯ ಮುಂದೆ ಜೀವ ಸವೆಸಿದವನು. ಮಗ ಅರಣ್ಯ ಇಲಾಖೆಯಲ್ಲಿ ಜೀಪು ಓಡಿಸಿ, ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ಪಡೆದು, ಆಮೇಲೆ ನಾಲ್ಕು ವರ್ಷ ಬಂಡೀಪುರದ ಹತ್ತಿರದ ರೆಸಾರ್ಟೊಂದರಲ್ಲಿ ಅತಿಥಿಗಳಿಗೆ ಕಾಡು ತೋರಿಸುವ ಕೆಲಸ ಮಾಡಿದ್ದ. ಶಾಲೆಯ ಕಾಲದಲ್ಲಿ ಮನೆಗೆ ಬಂದರೆ ಶಿವರುದ್ರಮ್ಮ ಜಗುಲಿಯಲ್ಲೇ ಕೂರಿಸಿ, ಹೊರಗೆ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದಳು. ಅವನು ಆ ಮನೆಯ ಒಳಕೋಣೆಗೆ ಮೊದಲ ಸಲ ಕಾಲಿಟ್ಟದ್ದು ಅವಳು ಮಲಗಿದ ಮೇಲೆ, ಅವಳನ್ನು ನೋಡಲು. ಬಾ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಹನ್ನೆರಡು ಗಂಟೆಯಾಗಿತ್ತು. ಮಲ್ಲಿಕಾರ್ಜುನಸ್ವಾಮಿಯ ಹೆಂಡತಿ ಪುಣಜನೂರಿನ ತವರಿಗೆ ಹೋಗಿದ್ದಳು. ಅವನು ಒಬ್ಬನೇ ಇದ್ದ. ಕಾರ್ಡನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ, ಕೆಳಗಿನ ಪ್ರೆಸ್ಸಿನ ಹೆಸರಿನವರೆಗೂ ಓದಿದ. ಮಡಚಿ ಟೀವಿಯ ಪಕ್ಕ ನಿಲ್ಲಿಸಿದ. ಆಮೇಲೆ ತನ್ನ ಅವ್ವ ಮೂಗಮ್ಮನ ವಿಷಯ ತೆಗೆದ. ಮೂಗಮ್ಮ ಊರಿನ ಮನೆಯಲ್ಲಿ ಏಳು ತಿಂಗಳು ಮಲಗಿ ಸತ್ತದ್ದು ಮೃತ್ಯುಂಜಯನಿಗೆ ಗೊತ್ತಿತ್ತು. ಸಣ್ಣತಾಯಮ್ಮ ಎಂಬ ಹೆಂಗಸನ್ನು ಸಂಬಳಕ್ಕಿಟ್ಟು ನೋಡಿಕೊಂಡದ್ದೂ ಗೊತ್ತಿತ್ತು. ಗೊತ್ತಿರದಿದ್ದದ್ದನ್ನು ಅವನು ಈಗ ಹೇಳಿದ. ಪ್ರತಿ ಭಾನುವಾರ ಹೋಗುತ್ತಿದ್ದನಂತೆ. ಬಾಗಿಲವರೆಗೆ. ಬಾಗಿಲಲ್ಲಿ ನಿಂತು, ಡ್ಯೂಟಿಗೆ ಹೊತ್ತಾಯಿತು ಎಂದು ಹೇಳಿ, ಜೀಪು ಹತ್ತಿ, ರಸ್ತೆಯ ತಿರುವು ದಾಟಿದ ಮೇಲೆ ಜೀಪು ನಿಲ್ಲಿಸಿ ಗಾಳಿ ಕುಡಿಯುತ್ತಿದ್ದನಂತೆ.

“ವಾಸ್ನ ತಡಿಯಕ್ಕಾಗ್ತಿರ್ನಿಲ್ಲ ಕಣ್ಲಾ. ಕಾಡಲ್ಲಿ ಸತ್ತ ಆನೆ ಪಕ್ಕ ನಿಂತ್ಕಂಡಿವ್ನಿ ನಾನು, ಅವ್ವನ ಪಕ್ಕ ನಿಂತ್ಕಳಕ್ಕಾಗ್ನಿಲ್ಲ. ನಿಮ್ಮವ್ವನ ರೂಮಲ್ಲೂ ಐದು ನಿಮಿಷ ಆಗ್ನಿಲ್ಲ ನನ್ಗ. ನೀನು ಅಲ್ಲೇ ಕೂತಿದ್ದೆ. ಅವತ್ತಿಂದ ನಿನ್ನ ನೋಡ್ದಾಗೆಲ್ಲ ನಾನು ಯಾವ ಮನ್ಸ ಅನ್ನಿಸ್ತದ.”

ಮೃತ್ಯುಂಜಯನಿಗೆ ಈ ಮಾತಿಗೆ ಬೇಡಪ್ಪ ಹಾಗೆಲ್ಲ ಅನ್ನಬೇಡ ಎಂದು ಹೇಳುವುದು ಸುಲಭವಿತ್ತು, ಹಾಗೆ ಹೇಳುವುದನ್ನು ಅವನು ಎರಡು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದ. ಆದರೆ ಎದುರಿಗೆ ಕೂತವನ ದವಡೆ ಅದುರುತ್ತಿತ್ತು. ಮಲ್ಲಿಕಾರ್ಜುನಸ್ವಾಮಿಗೂ ತಾನು ಹೆಚ್ಚು ಹೇಳಿದೆ ಅನ್ನಿಸಿರಬೇಕು. ಎದ್ದು ಹೋಗಿ, ನಿನಗೆ ಒಂದು ವಸ್ತು ತೋರಿಸುತ್ತೇನೆ ಎಂದು ಬೀರುವಿನಿಂದ ಕೊಳವೆಯಂಥ ರಟ್ಟಿನ ಡಬ್ಬಿ ತಂದ. ಅದರೊಳಗೆ ಒಂದು ಬಾಟಲಿ. ರೆಸಾರ್ಟಿಗೆ ಪ್ರತಿ ವರ್ಷ ಹಕ್ಕಿ ನೋಡಲು ಬರುತ್ತಿದ್ದ ಬ್ರಿಟಿಷ್ ಮುದುಕನೊಬ್ಬ ಈ ವರ್ಷ ಬರಲಿಲ್ಲ, ಅವನ ಮಗಳು ಬಂದು, ಅಪ್ಪ ನಿಮಗೆ ಕೊಡಲು ಹೇಳಿದ್ದರು ಎಂದು ಇದನ್ನು ಕೊಟ್ಟುಹೋದಳಂತೆ. ಸ್ಕಾಟ್ಲೆಂಡಿನದು, ಯಾವುದೋ ದ್ವೀಪದ್ದು. ಮಲ್ಲಿಕಾರ್ಜುನಸ್ವಾಮಿ ಅದರ ವಿಷಯವನ್ನು ಆನೆಯ ವಿಷಯ ಹೇಳುವಷ್ಟೇ ಶ್ರದ್ಧೆಯಿಂದ ಹೇಳಿದ. ಅಲ್ಲಿ ಜೌಗು ನೆಲದ ಮಣ್ಣನ್ನು ಇಟ್ಟಿಗೆಯ ಹಾಗೆ ಕುಯ್ದು ಒಣಗಿಸುತ್ತಾರೆ, ನಮ್ಮ ಬೆರಣಿಯ ಹಾಗೆ ಅದು ಉರಿಯುತ್ತದೆ, ಆ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸಿ ವಿಸ್ಕಿ ಇಳಿಸುತ್ತಾರೆ. ಆಮೇಲೆ ಶೆರ್ರಿ ಎಂಬ ದ್ರಾಕ್ಷಿಯ ಮದ್ಯ ತುಂಬಿಟ್ಟಿದ್ದ ಮರದ ಪೀಪಾಯಿಗಳಲ್ಲಿ ಸುರಿದು ವರ್ಷಗಟ್ಟಲೆ ಇಡುತ್ತಾರೆ. ಒಂದು ಕಡೆ ಹೊಗೆ, ಒಂದು ಕಡೆ ದ್ರಾಕ್ಷಿ. ಹತ್ತು ದಿನದಲ್ಲಿ ತಾನು ಕುಡಿದದ್ದು ನಾಲ್ಕೇ ಬೆರಳು, ಮೂಸಿದ್ದೇ ಹೆಚ್ಚು ಎಂದ. ಅವನು ಎರಡು ಗಾಜಿನ ಲೋಟ ತಂದಿರಲಿಲ್ಲ, ಒಂದೇ ತಂದಿದ್ದ. ಮೃತ್ಯುಂಜಯ ಕುಡಿಯುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೆಳೆಯನಿಗೆ ಟೀ ಮಾಡಲೆಂದು ಹಾಲು ಒಲೆಯ ಮೇಲಿಟ್ಟಿದ್ದ.

ನನಗೂ ಕೊಡು ಎಂದ ಮೃತ್ಯುಂಜಯ.

ಯಾಕೆ ಹಾಗೆ ಅಂದೆ ಎಂಬುದು ಅವನಿಗೂ ತಿಳಿಯಲಿಲ್ಲ. ಬೆಳಗಿನ ಮುಗ್ಗಲು ಚೀಲ ಇರಬಹುದು, ಮೂಗಮ್ಮನ ಬಾಗಿಲು ಇರಬಹುದು. ಇಲ್ಲವೇ ಬಹಳ ದಿನದಿಂದ ಒಳ್ಳೆಯವನಾಗಿದ್ದು ಸಾಕಾಗಿರಬಹುದು. ಮಲ್ಲಿಕಾರ್ಜುನಸ್ವಾಮಿ ಒಮ್ಮೆ ನೋಡಿ, ಹಾಲಿನ ಒಲೆ ಆರಿಸಿ, ಇನ್ನೊಂದು ಲೋಟ ತಂದ. ತಳದಲ್ಲಿ ಒಂದು ಬೆರಳಿನಷ್ಟು ಸುರಿದ. ಹಳೆಯ ಬೆಲ್ಲದ ಪಾಕದ ಬಣ್ಣ. ಚಮಚದಿಂದ ಮೂರು ಹನಿ ನೀರು ಬಿಟ್ಟ. ಮೊದಲು ಮೂಸಬೇಕು, ಕುಡಿಯುವುದು ಆಮೇಲೆ ಎಂದ. ಬಾಯಿ ಸ್ವಲ್ಪ ತೆರೆದಿಟ್ಟುಕೊಂಡು ಮೂಸಬೇಕು, ಇಲ್ಲದಿದ್ದರೆ ಉರಿ ಮಾತ್ರ ಬರುತ್ತದೆ. ಮೃತ್ಯುಂಜಯ ಲೋಟವನ್ನು ಮೂಗಿಗೆ ತಂದ. ಕಣ್ಣು ಅರೆಮುಚ್ಚಿದ. ಈ ನಟನೆ ಅವನ ಮುಖಕ್ಕೆ ಎಷ್ಟು ಅಭ್ಯಾಸವಾಗಿತ್ತೆಂದರೆ ಹುಬ್ಬು ತಾನಾಗಿಯೇ ಗಂಟಿಕ್ಕಿತು. ಮೂಗಿನ ತುದಿಯಲ್ಲಿ ಸಣ್ಣ ಚುರುಕು ಬಿಟ್ಟರೆ ಏನೂ ಇಲ್ಲ. ಏನು ಬರುತ್ತದೆ ಎಂದು ಗೆಳೆಯ ಕೇಳಿದ. ಹೊಗೆ, ಮತ್ತೆ ಒಣದ್ರಾಕ್ಷಿ ಎಂದ. ಈಗಷ್ಟೇ ಕೇಳಿದ್ದನ್ನು ಒಪ್ಪಿಸುವ ಹುಡುಗನ ಹಾಗೆ. ನೋಡಿದೆಯಾ, ಅರಿಶಿನದ ಮೂಗು ಅಂದರೆ ಅದು ಎಂದು ಮಲ್ಲಿಕಾರ್ಜುನಸ್ವಾಮಿ ಸಂತೋಷಪಟ್ಟ. ಆ ಸಂತೋಷ ನೋಡಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇನ್ನೊಂದು ಪ್ರಶ್ನೆ ಬಾರದಿರಲೆಂದು ಲೋಟವನ್ನು ಬಾಯಿಗೆ ಎತ್ತಿದ.

ನಾಲಗೆಗೆ ಮೊದಲು ಸಿಹಿ ಸಿಕ್ಕಿತು. ಒಣಹಣ್ಣಿನದೋ ಬೆಲ್ಲದ್ದೋ, ಹೆಸರಿಲ್ಲದ ಸಿಹಿ. ಅದರ ಹಿಂದೆಯೇ ಉರಿ, ಉರಿಯ ಅಂಚಿನಲ್ಲಿ ಉಪ್ಪಿನಂಥದ್ದೇನೋ. ನುಂಗಿದ. ಉರಿ ಎದೆಯವರೆಗೆ ಇಳಿಯಿತು. ಬಾಯಿ ಮುಚ್ಚಿಕೊಂಡೇ ಇದ್ದುದರಿಂದ ಉಸಿರು ಮೂಗಿನಿಂದ ಹೊರಟಿತು. ಆ ಹೊರಟ ಉಸಿರಿನಲ್ಲಿ ಹೊಗೆ ಇತ್ತು.

ಅವನು ಅಲುಗಾಡದೆ ಕೂತ. ಹೊರಗಿನಿಂದ ಬಂದದ್ದಲ್ಲ ಅದು, ಒಳಗಿನಿಂದ, ಗಂಟಲಿನ ಹಿಂಬದಿಯಿಂದ ಏರಿ ಬಂದಿತ್ತು. ಒದ್ದೆ ಸೌದೆ ಹೊತ್ತಿಕೊಳ್ಳುವಾಗಿನ ಹೊಗೆ. ಆಮೇಲೆ ಹೊಗೆ ಸರಿದು ಇನ್ನೊಂದು ಬಂತು. ತೆಳ್ಳಗೆ, ಚುಚ್ಚುವಂತೆ, ಶುದ್ಧವಾಗಿ. ಗಾಯಕ್ಕೆ ಹಚ್ಚುವ ಟಿಂಚರು. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ. ಚಿಕ್ಕಂದಿನಲ್ಲಿ ಮಂಡಿ ಒಡೆದುಕೊಂಡಾಗಿನದು ಅದು, ಅವನು ಗುರುತು ಹಿಡಿದ. ಗುರುತು ಹಿಡಿದ ಮೇಲೆ, ದಿನಕ್ಕೆ ಎರಡು ಸಲ, ಒಂಬತ್ತು ತಿಂಗಳು, ತನ್ನ ಕೈಯಾರೆ ಅಂಥದೇ ಔಷಧಿಯಲ್ಲಿ ಬಟ್ಟೆ ಅದ್ದಿ ಅವ್ವನ ಬೆನ್ನಿಗೆ ಇಟ್ಟಿದ್ದೇನೆ, ಒಂದು ಸಲವೂ ಇದು ನನಗೆ ಸಿಕ್ಕಿರಲಿಲ್ಲ ಎಂಬುದು ತಿಳಿಯಿತು. ಆ ಕೋಣೆಯ ಒಂದು ಚೂರು, ಎಲ್ಲರಿಗೂ ಸಿಕ್ಕಿದ್ದ ಚೂರು, ಎಲ್ಲಿಯದೋ ದ್ವೀಪದ ಸಾರಾಯಿಯಲ್ಲಿ ಅವನಿಗೆ ಸಿಕ್ಕಿತ್ತು. ಅದರ ಸುತ್ತ ಇನ್ನೂ ಏನೇನಿತ್ತು, ಯಾವುದಕ್ಕೆ ನೆಂಟರು ಸೆರಗು ಒತ್ತಿಕೊಂಡರು, ಯಾವುದಕ್ಕೆ ನಾಗರತ್ನ ಓಡಿದಳು, ಅದು ಗೊತ್ತಿರಲಿಲ್ಲ. ಇನ್ನೊಂದು ಗುಟುಕು ಕುಡಿದ. ಈ ಸಲ ಉರಿ ಮಾತ್ರ. ಮೂರನೆಯದಕ್ಕೆ ಹೊಗೆ ಬಂದಂತಾಯಿತು, ಬಂದಿತೋ ನೆನಪಾಯಿತೋ ಹೇಳಲಾಗಲಿಲ್ಲ.

“ನನ್ಗ ವಾಸ್ನ ಬರಲ್ಲ ಕಣ್ಲಾ,” ಎಂದ. “ಅವ್ವ ಮಲಗಕ್ ಮುಂಚಿಂದ್ಲೂ ಬರಲ್ಲ. ಈಗ ಒಂದ್ ಗಳಿಗ ಬಂತು, ಅಷ್ಟೇ.”

ಮಲ್ಲಿಕಾರ್ಜುನಸ್ವಾಮಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಟೀವಿಯ ಪಕ್ಕದ ಕಾರ್ಡನ್ನು ನೋಡಿದ. ನಗಲಿಲ್ಲ, ಸಿಟ್ಟಾಗಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿ ತಿರುಗಿಸುತ್ತ, ಆದರೂ ತಾನು ಓಡಿಹೋದದ್ದು ಓಡಿಹೋದದ್ದೇ ಎಂದ. ಮತ್ತೆ, ನನಗೆ ಹೇಳಿ ಏನು ಪ್ರಯೋಜನ ಎಂದ. ಅವ್ವನನ್ನು ನೋಡಲು ಬಂದ ದಿನ ತಾನು ತಡೆಯಲಾರದೆ ಹಿತ್ತಲಿಗೆ ಹೋಗಿದ್ದೆ ಎಂದೂ, ಅಲ್ಲಿ ಕಲ್ಲಿನ ಮೇಲೆ ನಾಗರತ್ನಮ್ಮ ಹಾಸಿಗೆ ಬಟ್ಟೆ ತಿಕ್ಕುತ್ತಿದ್ದರೆಂದೂ, ಕೈಗಳು ಮೊಣಕೈವರೆಗೆ ಡೆಟ್ಟಾಲಿಗೆ ಬೆಂದು ಸಿಪ್ಪೆ ಎದ್ದಿದ್ದವೆಂದೂ ಹೇಳಿದ. ಸೆರಗು ಮೂಗಿಗಿರಲಿಲ್ಲವಂತೆ. ಎರಡೂ ಕೈ ಬಟ್ಟೆಯಲ್ಲಿದ್ದವಲ್ಲ.

“ಆಯಮ್ಮನ್ಗ ಹೇಳೋಗು,” ಎಂದ.

ಸ್ಕೂಟರನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದ. ಮುಂದಿನ ಸೀಟಿನಲ್ಲಿ ಮಲ್ಲಿಗೆ ಮುಡಿದ ಹೆಂಗಸು ಕೂತಿದ್ದಳು. ಬಗ್ಗಿ ಉಸಿರೆಳೆದುಕೊಂಡ. ಏನೂ ಬರಲಿಲ್ಲ. ಅವಳು ತಿರುಗಿ ನೋಡಿ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿದಳು. ಐವತ್ತಾರು ವರ್ಷದ, ಹಣೆಯಲ್ಲಿ ವಿಭೂತಿ ಇದ್ದ ಮನುಷ್ಯ ಮಟಮಟ ಮಧ್ಯಾಹ್ನ ಸಾರಾಯಿ ನಾರುತ್ತ ಹೆಂಗಸಿನ ಜಡೆಯತ್ತ ಬಗ್ಗಿದರೆ ಅವಳಾದರೂ ಏನು ಮಾಡಬೇಕು. ಅವನು ಎದ್ದು ಹಿಂದಕ್ಕೆ ಹೋಗಿ ನಿಂತುಕೊಂಡ. ಚಾಮರಾಜನಗರದವರೆಗೂ ನಿಂತೇ ಬಂದ.

ನಾಗರತ್ನ ಬಾಗಿಲು ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಕುಡಿದಿದ್ದೀರಿ ಎಂದಳು, ಮಳೆ ಬರುತ್ತಿದೆ ಅನ್ನುವ ಹಾಗೆ. ಹೌದು ಎಂದ. ಅಡುಗೆ ಮನೆಗೆ ಅವಳ ಹಿಂದೆಯೇ ಹೋಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೊರೋನಾದಿಂದ ಹಿಡಿದು ಬೆಳಗಿನ ಮುಗ್ಗಲು ಚೀಲದವರೆಗೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. ಬೆನ್ನಿನಿಂದ ಅವನಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಒಲೆ ಆರಿಸಿದಳು.

“ನಾನು ವಾಂತಿ ಮಾಡ್ಕಂಡ ದಿನ, ನಿಮ್ಗ ವಾಸ್ನ ಬರಲ್ಲ ಅಂತ ನಿಮ್ಗ ಗೊತ್ತಿತ್ತ?”

“ಗೊತ್ತಿತ್ತು.”

ಅವಳು ತಲೆಯಾಡಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒಣಗಿದ್ದ ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡಳು. ಶಶಿರೇಖಾಳಿಗೆ ಫೋನು ಮಾಡಿ ಎಂದಳು. ನಾಳೆ ಮಾಡುತ್ತೇನೆ, ಈಗ ಕುಡಿದಿದ್ದೇನೆ ಎಂದ. ನಾಳೆ ಮಾಡುವುದಿಲ್ಲ ನೀವು, ಈಗಲೇ ಮಾಡಿ, ನನಗೂ ಕೇಳಿಸಲಿ ಎಂದಳು.

ಅವನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆ ಕಟ್ಟೆಯ ಮೇಲಿಟ್ಟ. ಶಶಿರೇಖಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳ ದನಿ ಒದ್ದೆಯಾಯಿತು. “ಅತ್ಗೆ ಮಾನ ಉಳ್ಸಕ ಇಂಗೂ ಹೇಳ್ತಿದ್ದೀಯಲ್ಲಣ್ಣ. ನೀನು ದೊಡ್ಡೋನು ಕಣ. ನಾನೇನು ಸಭೇಲಿ ಅವರ ಸುದ್ದಿ ಎತ್ತೀನಾ? ಎತ್ತಲ್ಲ, ಬುಡು.” ನಾಗರತ್ನ ಗೋಡೆಗೆ ಒರಗಿ ನಿಂತು ಗಂಡನನ್ನೇ ನೋಡುತ್ತಿದ್ದಳು. ತಾನು ಹೇಳಿದ ನಿಜ ಕೂಡ ತನ್ನ ಲೆಕ್ಕಕ್ಕೆ ಇನ್ನೊಂದು ಪುಣ್ಯವಾಗಿ ಜಮೆಯಾಗುತ್ತಿರುವುದನ್ನು ನೋಡಿ ಅವನಿಗೆ ಭಯವಾಯಿತು. ಇಲ್ಲಮ್ಮ, ಇವತ್ತು ಗುಂಡ್ಲುಪೇಟೆಯಲ್ಲಿ ಮಲ್ಲಿಕಾರ್ಜುನಸ್ವಾಮಿಯ ಮನೆಯಲ್ಲಿ ವಿಸ್ಕಿ ಕುಡಿದೆ, ಆಗ ಸ್ವಲ್ಪ ವಾಸನೆ ಬಂತು, ಅದಕ್ಕೇ ಹೇಳುತ್ತಿದ್ದೇನೆ ಎಂದ.

“ಯಾರ್ ಮನೇಲಿ? ಲಿಂಗಯ್ಯನ ಮಗನ ಮನೇಲಾ?” ಎಂದಳು ಶಶಿರೇಖಾ. ಹೌದು ಎಂದ. ಫೋನು ಕಟ್ಟಾಯಿತು. ವಾಸನೆ ಬಾರದ ಮೂಗನ್ನು ನಂಬದವಳು ಇದನ್ನು ನಂಬಿದ್ದಳು.

ಸೋಮವಾರ ಮರಿಮಲ್ಲಪ್ಪನವರ ಫೋನು ಬಂತು. ಹಾಸ್ಟೆಲಿಗೆ ಜಾಗ ಕೊಟ್ಟ ಹಿರಿಯರೊಬ್ಬರನ್ನು ಈ ವರ್ಷ ಸನ್ಮಾನಿಸಲೇಬೇಕಾಗಿದೆ, ನಿಮ್ಮದನ್ನು ಮುಂದೆ ನೋಡೋಣ ಎಂದರು. ಬೇಸರ ಬೇಡ ಎಂದರು. ಹಂಚದೆ ಉಳಿದ ಕಾರ್ಡುಗಳ ಮೇಲೆ ಅವನ ಹೆಸರಿಗೆ ಬಿಳಿ ಚೀಟಿ ಅಂಟಿಸಿದ್ದಾರೆಂದು ಆಮೇಲೆ ಅಂಗಡಿಯಲ್ಲಿ ಯಾರೋ ಹೇಳಿದರು. ಮಾದಣ್ಣನಿಗೆ ಅವನೇ ಹೇಳಿದ, ನನಗೆ ನೆಗಡಿಯಲ್ಲ, ಮೂಗೇ ಹೋಗಿದೆ, ಇನ್ನು ಮೇಲೆ ನೀನೇ ಮೂಸಿ ಹೇಳಬೇಕು ಎಂದು. ಮಾದಣ್ಣ, ಆಗಲಿ ಕಣಣ್ಣ ಎಂದ, ಬೇರೇನೂ ಕೇಳಲಿಲ್ಲ. ಇಷ್ಟಾದರೂ ಮನೆಯಲ್ಲಿ ಏನೂ ಹಗುರವಾಗಲಿಲ್ಲ. ನಾಗರತ್ನ ಅಡುಗೆ ಮಾಡಿದಳು, ಬಡಿಸಿದಳು, ಬೇಕಾದಷ್ಟೇ ಮಾತಾಡಿದಳು. ಕ್ಷಮಿಸು ಎಂದು ಒಂದು ಸಲ ಹೇಳಲು ಹೋದ. ಅದೊಂದು ಬೇಡ ಎಂದು ಕೈ ಅಡ್ಡ ಹಿಡಿದಳು.

ಭಾನುವಾರ ಸಂಘದ ಸಭೆ ನಡೆಯುವ ಹೊತ್ತಿಗೆ ಅವಳು ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಅವನೂ ಎದುರಿಗೆ ಕೂತು ಬಿಡಿಸತೊಡಗಿದ. ಒಂದು ಕಾಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದ. ಸೊಗಡು ಬರುತ್ತದಾ ಎಂದು ಕೇಳಿದಳು. ಇಲ್ಲ ಎಂದ. ಫೋನು ಮಾಡಿದ ದಿನದ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಸ್ವಲ್ಪ ಹೊತ್ತಿನ ಮೇಲೆ, ಆ ರೂಮು ಹೇಗಿತ್ತು ಹೇಳಲೇ ಎಂದಳು. ಅವನು ಹೇಳು ಎಂದ.

ಅವಳು ಹೇಳಿದಳು. ಮೊದಲು ಉಚ್ಚೆಯ ವಾಸನೆ, ಅದು ಅಭ್ಯಾಸವಾಗುತ್ತದೆ. ಹುಣ್ಣಾದ ಮೇಲೆ ಬಂದದ್ದು ಬೇರೆ, ಅದರಲ್ಲಿ ಒಂದು ಸಿಹಿ ಇತ್ತು, ಹೂದಾನಿಯ ನೀರಲ್ಲಿ ಹೂವಿನ ದಂಟು ಕೊಳೆತ ಹಾಗೆ, ಆ ಸಿಹಿಯೇ ತಡೆಯಲಾಗುತ್ತಿರಲಿಲ್ಲ. ಅದು ಕೈಗೆ ಅಂಟುತ್ತಿತ್ತು, ತಲೆಗೂದಲಿಗೆ ಅಂಟುತ್ತಿತ್ತು. ತವರಿನ ಮದುವೆಯಲ್ಲಿ ಅವಳ ಸ್ವಂತ ಅಕ್ಕ ಪಕ್ಕದಿಂದ ಎದ್ದು ಬೇರೆ ಕುರ್ಚಿಗೆ ಹೋದಳು. ಮುದ್ದೆ ಕಟ್ಟುವಾಗ ಕೈಯಿಂದ ಬಂದು ಮುದ್ದೆಗೂ ಬರುತ್ತಿತ್ತು, ಅದಕ್ಕೇ ಅವಳು ಎಷ್ಟೋ ದಿನ ಊಟ ಮಾಡುತ್ತಿರಲಿಲ್ಲ. ಅವನು ಚೆನ್ನಾಗಿ ತಿನ್ನುತ್ತಿದ್ದ. ಅದನ್ನು ನೋಡಿ, ಇವರದು ಯಾವ ದೊಡ್ಡ ಮನಸ್ಸು, ನನ್ನದೇ ಸಣ್ಣದು ಎಂದು ಅಂದುಕೊಳ್ಳುತ್ತಿದ್ದಳು. ಇದನ್ನು ಹೇಳುವಾಗ ಮಾತ್ರ ಅವಳ ಕೈ ನಿಂತಿತು. ಮತ್ತೆ ಬಿಡಿಸತೊಡಗಿದಳು.

ಕೊನೆಯ ದಿನ ಬೆಳಗ್ಗೆ ಐದು ಗಂಟೆಗೆ ಕೋಣೆಯ ಬಾಗಿಲು ತೆಗೆದಾಗ ವಾಸನೆ ಬದಲಾಗಿತ್ತು ಎಂದಳು. ಅತ್ತೆ ಹೋಗಿಬಿಟ್ಟಿದ್ದಾರೆಂದು ಅವಳಿಗೆ ನಿಂತಲ್ಲೇ ಗೊತ್ತಾಯಿತು. ಅವನು ಮಂಚದ ಪಕ್ಕ ಕೂತು ಅವ್ವನ ಎಡಗೈ ಹಿಡಿದುಕೊಂಡಿದ್ದ. ಲಕ್ವ ಹೊಡೆದ ಕೈ, ಯಾವಾಗಲೂ ತಣ್ಣಗಿರುತ್ತಿದ್ದ ಕೈ. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೋಗಿ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದಳು.

ಅವ್ವ ಹೋದದ್ದು ಆರೂಕಾಲಿಗೆ ಎಂದು ಎಲ್ಲರಿಗೂ ಹೇಳಿದ್ದವನು ಅವನೇ. ಕಾಳಿಲ್ಲದ ಸಿಪ್ಪೆಯೊಂದು ಅವನ ಕೈಯಲ್ಲೇ ಉಳಿಯಿತು. ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆ ಎಂದು ಕೇಳಿದ.

“ನಾನು ನೋಡ್ದ ಮ್ಯಾಕ ಒಂದ್ ಗಂಟ ಇರ್ಬೋದು,” ಎಂದಳು ನಾಗರತ್ನ. “ಅವ್ರ ಜೊತೇಲಿ ಏನೋ ಮಾತಾಡ್ತಾ ಇದ್ರಿ. ಅದ್ಕೇ ಕರೀನಿಲ್ಲ.”